ಕುದುರೆಗೆ ಯಾವ ಭಾಷೆ?

ಅಂಗವೈಕಲ್ಯವುಳ್ಳ ಮಕ್ಕಳನ್ನು ಕುದುರೆಯ ಬೆನ್ನ ಮೇಲೆ ಕುಳ್ಳಿರಿಸಿ ಮೆಲ್ಲನೆ ನಡೆಸಿದರೆ ಅವರ ಸೊಂಟಕ್ಕೂ ಬೆನ್ನಿಗೂ ಬಲ ಬರುತ್ತದೆ, ಮಾತು ಬಾರದ ಮಕ್ಕಳಲ್ಲಿ ಕೆಲವರು ಒಂದೆರಡು ಮಾತು ಆಡಲು ತೊಡಗುತ್ತಾರೆ ಎಂಬ ವಾರ್ತೆಯನ್ನು ನಮ್ಮ ವಾಚಕರಲ್ಲಿ ಹಲವರು ಓದಿರಬಹುದು. ಪಾಶ್ಚಾತ್ಯ ದೇಶಗಳಲ್ಲಿ ಇದು ಅರ್ಧ ಶತಮಾನಕ್ಕೂ ಹಳೆಯ ಪದ್ಧತಿ. ನಮ್ಮಲ್ಲಿ ಕೆಲವು ದೊಡ್ಡ ನಗರಗಳಿಗೆ ಮಾತ್ರ ಬಂದಿದೆ. ಬೆಂಗಳೂರಿನಲ್ಲಿ ಪುಷ್ಪಾ ಬೋಪಯ್ಯನವರಂಥವರು ಇದನ್ನು ನಡೆಸಿ ತೋರಿಸಿದ್ದಾರೆ. ಇದು ಹಣವಂತರ ಮೋಜು ಎಂದು ತಳ್ಳಿಹಾಕುವವರಿದ್ದಾರೆ. ಇದೊಂದು ಪವಾಡವೆಂದು ನಂಬಿ, ಇದ್ದ ಎರಡು ಎಕ್ರೆ ತೋಟವನ್ನು ಅಡವಿಟ್ಟಾದರೂ ಮಗುವನ್ನು ಅಲ್ಲಿಗೆ ಒಯ್ಯಬೇಕೆಂದು ಹಂಬಲಿಸುವ ತಾಯಿತಂದೆಯರೂ ಇದ್ದಾರೆ. ಈ ಎರಡನೆಯವರನ್ನು ಕಣ್ಣ ಮುಂದಿಟ್ಟುಕೊಂಡು ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ.

ಈ ಪದ್ಧತಿಯತ್ತ ಜಗತ್ತಿನ ಗಮನವನ್ನು ಸೆಳೆದವರು ವೈದ್ಯರಲ್ಲ, ರೋಗಿಯೇ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಸವಾರಿಗಾರ್ತಿಗೆ 1944ರಲ್ಲಿ ಪೋಲಿಯೊ ತಗಲಿತು. ಆಗ ಆಕೆಗೆ 23 ವರ್ಷ, ಗರ್ಭಿಣಿ ಬೇರೆ. ಮೊಣಕಾಲಿನಿಂದ ಕೆಳಗೆ ಶಕ್ತಿ ಮರಳಲೇ ಇಲ್ಲ. ಆದರೂ ಆಕೆ ಕುದುರೆಯನ್ನು ಬಿಡಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ, ಸವಾರಿಯ ಸ್ಪರ್ಧೆಗೆ ಹೆಂಗಸರನ್ನು ಗಂಡಸರ ಜೊತೆ ಮೊತ್ತಮೊದಲ ಬಾರಿಗೆ ಸೇರಿಸಿಕೊಂಡ ಆ ವರ್ಷವೇ, ಆಕೆ ಬೆಳ್ಳಿಯ ಪದಕ ಗೆದ್ದರು. ಕುದುರೆ ಹತ್ತಬೇಕಾದರೂ ಇಳಿಯಬೇಕಾದರೂ ಇನ್ನೊಬ್ಬರ ಆಸರೆ ಬೇಕಿದ್ದ ಹೆಂಗಸು ಪದಕ ಗೆದ್ದುದನ್ನು ಲೋಕವೇ ಕಂಡಿತು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ. ಆ ಬಳಿಕ ಯುರೋಪಿನಲ್ಲಿ ಅಲ್ಲಲ್ಲಿ ಅಂಗವಿಕಲರಿಗಾಗಿ ಸವಾರಿಯ ಕೇಂದ್ರಗಳು ಹುಟ್ಟಿಕೊಂಡವು. 1969ರಲ್ಲಿ ಬ್ರಿಟನ್ನಿನಲ್ಲಿಯೂ ಅಮೇರಿಕದಲ್ಲಿಯೂ ಇದಕ್ಕೆಂದೇ ರಾಷ್ಟ್ರಮಟ್ಟದ ಸಂಘಗಳು ಸ್ಥಾಪನೆಯಾದುವು. ನಮ್ಮ ಪುರಾಣಗಳು ದೇವವೈದ್ಯರಾದ ಅಶ್ವಿನೀ ದೇವತೆಗಳನ್ನು ಕುದುರೆಯ ರೂಪ ತಾಳಿದ ತಾಯಿಯ ಮಕ್ಕಳೆಂದು ಹೇಳುತ್ತವೆ. ಆದ್ದರಿಂದ ಇದೆಲ್ಲ ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತು ಎಂದು ವಾದಿಸಲು ನಾವು ಹೊರಟಿಲ್ಲ. ಗೊತ್ತಿದ್ದರೆ ಇಷ್ಟು ಮಕ್ಕಳನ್ನು ಮನೆಯ ಹಿಂಬದಿಯ ಕೋಣೆಯಲ್ಲಿ ಮಲಗಿಸಿಡುತ್ತಿರಲಿಲ್ಲ.

ಇದರ ಮರ್ಮವಿರುವುದು ಕುದುರೆಯ ನಡಿಗೆಯಲ್ಲಿ. ಕುದುರೆ ನಿಧಾನವಾಗಿ ನಡೆಯುವಾಗ ಅದರ ಬೆನ್ನು ಮುಂದಕ್ಕೂ ಹಿಂದಕ್ಕೂ, ಮೇಲಕ್ಕೂ ಕೆಳಕ್ಕೂ, ಎಡಕ್ಕೂ ಬಲಕ್ಕೂ ಒಂದು ಲಯದಲ್ಲಿ ಅಲುಗುತ್ತದೆ. ಮನುಷ್ಯ ನಡೆಯುವಾಗ ಅವನ ಸೊಂಟ ಅಲುಗುವುದೂ ಹೆಚ್ಚು ಕಡಿಮೆ ಹೀಗೆಯೇ. ಹುಟ್ಟಿದಂದಿನಿಂದ ಒಂದು ಹೆಜ್ಜೆಯನ್ನೂ ಇಡದ ಮಗುವಿನ ಸೊಂಟಕ್ಕೆ ನಡಿಗೆಯೆಂದರೆ ಏನೆಂಬುದನ್ನು ಕುದುರೆ ತನ್ನ ಬೆನ್ನಿನಿಂದ ತಿಳಿಸಿಕೊಡುತ್ತದೆ ಎನ್ನಬಹುದು. ನಿಮಿಷಕ್ಕೆ ಸುಮಾರು ನೂರು ಹೆಜ್ಜೆಯಂತೆ ಲೆಕ್ಕ ಹಾಕಿದರೆ ಇಪ್ಪತ್ತು ನಿಮಿಷದಲ್ಲಿ ಎರಡು ಸಾವಿರ ಸಲ ಆ ಮಗು ತನ್ನ ಮೈಯನ್ನು ನೆಟ್ಟಗೆ ನಿಲ್ಲಿಸಿಕೊಳ್ಳಬೇಕಾಗುತ್ತದೆ. ಆಸ್ಪತ್ರೆಯ ಚಾಪೆಯ ಮೇಲೆ ಮಗುವಿನಿಂದ ಒಂದೇ ವ್ಯಾಯಾಮವನ್ನು ಇಪ್ಪತ್ತು ಸಲ ಮಾಡಿಸುವಷ್ಟರಲ್ಲಿ ತಾಯಿಗೂ ಮಗುವಿಗೂ ಅಳು ಬರುತ್ತದೆ. ಇಲ್ಲಿ ಮಗುವಿಗೆ ಅದು ವ್ಯಾಯಾಮವೆಂದು ಗೊತ್ತೇ ಆಗುವುದಿಲ್ಲ. ಕುದುರೆಯ ಮೈಯ ಶಾಖ ನಮ್ಮದಕ್ಕಿಂತ ತುಸು ಹೆಚ್ಚು. ಬಿಗಿದು ಕತ್ತರಿಯಂತೆ ಅಡ್ಡವಾದ ತೊಡೆಗಳು ಆ ಬಿಸಿಗೂ ಆ ಲಯಕ್ಕೂ ನಿಧಾನವಾಗಿ ಸಡಿಲವಾಗುತ್ತವೆ.

ಇದರಲ್ಲಿ ಓಟವಿಲ್ಲ, ನೆಗೆತವಿಲ್ಲ. ಮಗುವಿನ ತಲೆಗೆ ಹೆಲ್ಮೆಟ್. ಒಬ್ಬರು ಕುದುರೆಯನ್ನು ಹಿಡಿದು ಮುಂದೆ ನಡೆಯುತ್ತಾರೆ, ಎರಡು ಬದಿಗಳಲ್ಲಿ ಇಬ್ಬರು ಮಗುವಿನ ತೊಡೆಗೆ ಕೈಕೊಟ್ಟು ನಡೆಯುತ್ತಾರೆ. ಇದೆಲ್ಲವನ್ನೂ ನೋಡಿಕೊಳ್ಳಲು ವೈದ್ಯಕೀಯ ತರಬೇತಿ ಪಡೆದ ಇನ್ನೊಬ್ಬರು. ಹೀಗೆ ಒಂದು ಮಗುವಿಗೆ ನಾಲ್ಕು ಮಂದಿ ಮತ್ತು ಒಂದು ಕುದುರೆ. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಷ್ಟರಿಂದ ಗುಣವಾಗುತ್ತದೆಯೇ? ಗುಣವಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ. ಸೆರೆಬ್ರಲ್ ಪಾಲ್ಸಿ ಎಂಬುದು ಬೆಳೆಯುವ ಮಿದುಳಿಗೆ ಒಮ್ಮೆ ಆದ ಪೆಟ್ಟು; ಆ ಪೆಟ್ಟನ್ನು ಯಾವ ಕುದುರೆಯೂ ಅಳಿಸಲಾರದು. ಕೂತಾಗ ವಾಲದಿರುವುದು, ಕುತ್ತಿಗೆ ನಿಲ್ಲುವುದು, ಸಮತೋಲ, ಇಂಥವುಗಳಲ್ಲಿ ಸುಧಾರಣೆ ಕಂಡಿದೆಯೆಂದು ಹಲವು ಪರಿಶೀಲನೆಗಳು ಹೇಳಿವೆ. ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ಅಮೇರಿಕದ ಕೊಲರಾಡೋದ ತಜ್ಞರು ನಡೆಸಿ 2015ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಹೆಸರಾಗಿದೆ. ಕೆಲವು ಮಕ್ಕಳಿಗೆ ಸವಾರಿ ಕಲಿಸಿದರು. ಉಳಿದವರನ್ನು ಅದೇ ಲಾಯಕ್ಕೆ ಕರೆತಂದು ಕುದುರೆಯ ಸಂಗತಿಗಳನ್ನೆಲ್ಲ ಕಲಿಸಿದರು, ಕುದುರೆಯ ಸಂಪರ್ಕವನ್ನು ಮಾತ್ರ ಕೊಡಲಿಲ್ಲ. ಸವಾರಿ ಮಾಡಿದ ಮಕ್ಕಳಲ್ಲಿ ಸಿಡಿಮಿಡಿಯೂ ಅತಿ ಚಟುವಟಿಕೆಯೂ ಕಡಿಮೆಯಾಗಿ, ಆಡುವ ಪದಗಳ ಸಂಖ್ಯೆ ಹೆಚ್ಚಿತು. ಇದು ಸಣ್ಣ ಲಾಭವಲ್ಲ, ದೊಡ್ಡ ಪವಾಡವೂ ಅಲ್ಲ.

ಎಲ್ಲ ಮಕ್ಕಳಿಗೂ ಇದು ಹೊಂದುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕುತ್ತಿಗೆಯ ಮೇಲಿನ ಎರಡು ಎಲುಬುಗಳ ಜೋಡಣೆ ಸಡಿಲವಾಗಿರುತ್ತದೆ. ಅದನ್ನು ಪರೀಕ್ಷಿಸದೆ ಕುದುರೆಯ ಮೇಲೆ ಕುಳ್ಳಿರಿಸುವುದೆಂದರೆ ಮಗುವಿನ ಜೀವದೊಡನೆ ಜೂಜಾಡಿದಂತೆ. ಹತೋಟಿಗೆ ಬಾರದ ಫಿಟ್ಸ್ ಇರುವವರಿಗೆ, ತೊಡೆಯ ಕೀಲು ಜಾರಿದವರಿಗೆ, ಬೆನ್ನೆಲುಬು ಬಹಳವಾಗಿ ಬಾಗಿದವರಿಗೆ ಇದು ಸಲ್ಲದು. ಜಾತ್ರೆಯಲ್ಲಿಯೋ ಸಮುದ್ರ ತೀರದಲ್ಲಿಯೋ ಕುದುರೆ ಹಿಡಿದು ನಿಂತವನಿಗೆ ಐವತ್ತು ರೂಪಾಯಿ ಕೊಟ್ಟು ಇಂಥ ಮಗುವನ್ನು ಹತ್ತಿಸಿದರೆ ಅದು ಚಿಕಿತ್ಸೆಯಾಗುವುದಿಲ್ಲ. ನಾಳೆ ಯಾರಾದರೂ ಊರಿನಲ್ಲಿ ಒಂದು ಕುದುರೆ ಕಟ್ಟಿ "ವಿದೇಶೀ ಪದ್ಧತಿ" ಎಂಬ ಬೋರ್ಡು ತೂಗಿಸಿದರೆ ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಶುಲ್ಕದ್ದಲ್ಲ. ಮಗುವಿನ ಎಕ್ಸ್‌ರೇಯನ್ನೂ ವೈದ್ಯರ ಚೀಟಿಯನ್ನೂ ಅವನು ಕೇಳಿದನೋ ಇಲ್ಲವೋ ಎಂಬುದು.

ಇದು ತಜ್ಞರ ಮಾತು. ಮಕ್ಕಳನ್ನು ನೋಡಿಕೊಳ್ಳುವವರು ಇದನ್ನು ಬೇರೆ ಕಣ್ಣಿನಿಂದ ಕಾಣುತ್ತಾರೆ. ಹನ್ನೆರಡು ವರ್ಷದ ಮಗನನ್ನು ದಿನಕ್ಕೆ ಹತ್ತು ಸಲ ಎತ್ತಿ ಇಳಿಸುವ ತಾಯಿಯ ಬೆನ್ನಿಗೆ ಯಾವ ಅಂಕಿಅಂಶಗಳ ಗೊಡವೆಯೂ ಇಲ್ಲ. ಮಗನ ಸೊಂಟ ಸ್ವಲ್ಪ ನಿಂತರೆ, ತೊಡೆ ಸ್ವಲ್ಪ ಸಡಿಲವಾದರೆ, ಅವಳು ಬಟ್ಟೆ ಬದಲಿಸುವ ಕೆಲಸ ಹಗುರವಾಗುತ್ತದೆ. ಊಟ ಮಾಡಿಸುವಾಗ ಅನ್ನ ಗಂಟಲಿಗೆ ಅಡರುವುದು ಕಡಿಮೆಯಾಗುತ್ತದೆ. ಇಂಥ ಮನೆಗಳಲ್ಲಿ ಸುಧಾರಣೆಯೆಂದರೆ ಇದು. ಇನ್ನೊಂದು ಸಂಗತಿಯಿದೆ. ಈ ಮಗು ಹುಟ್ಟಿದಂದಿನಿಂದ ಎಲ್ಲರನ್ನೂ ಕೆಳಗಿನಿಂದಲೇ ನೋಡಿದೆ, ಎಲ್ಲರೂ ಅದನ್ನು ಬಗ್ಗಿ ನೋಡಿದ್ದಾರೆ. ಕುದುರೆಯ ಮೇಲೆ ಕೂತ ಆ ಅರ್ಧ ಗಂಟೆ ಅಪ್ಪ ಅಮ್ಮ ಕತ್ತೆತ್ತಿ ಮಗುವನ್ನು ನೋಡುತ್ತಾರೆ. ಆ ಅರ್ಧ ಗಂಟೆ ಮಗುವನ್ನು ಬೇರೆಯವರು ಹಿಡಿದಿರುತ್ತಾರೆ. ತಾಯಿ ಬೇಲಿಯ ಬಳಿ ಸುಮ್ಮನೆ ನಿಂತಿರಬಹುದು. ಎಷ್ಟೋ ತಾಯಂದಿರಿಗೆ ವಾರದಲ್ಲಿ ಹೀಗೆ ಬರಿಗೈಯಲ್ಲಿ ನಿಲ್ಲುವ ಹೊತ್ತು ಅದೊಂದೇ ಆಗಿರುತ್ತದೆ. ತಂದೆ ಕೂಲಿಗೋ ಅಂಗಡಿಗೋ ಹೋದವನು, ಅಜ್ಜಿಗೆ ಮಂಡಿನೋವು, ಅಕ್ಕನಾದವಳು ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಿದ್ದಾಳೆ. ಇಂಥ ಮನೆಯವರಿಗೆ ಬಿಡುವೂ ಒಂದು ಔಷಧವೆಂಬುದನ್ನು ನಮ್ಮ ಯಾವ ಯೋಜನೆಯೂ ಸರಿಯಾಗಿ ಮನಗಂಡಿಲ್ಲ.

ಈಗ ನಾವು ವಾಚಕರನ್ನು ಕಾಸರಗೋಡಿನಿಂದ ದೂರದ ಇನ್ನೊಂದು ಗಡಿನಾಡಿಗೆ ಕರೆದೊಯ್ಯಬೇಕಾಗಿದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಉಟಗಿ ಎಂಬ ಹಳ್ಳಿಯಿದೆ. ದಾನಮ್ಮ ದೇವಿಯ ಗುಡ್ಡಾಪುರವಿರುವುದು ಇದೇ ತಾಲೂಕಿನಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ನಮ್ಮಲ್ಲಿ ಮನೆಯಲ್ಲಿ ಕನ್ನಡ ಅಥವಾ ತುಳು, ಕಚೇರಿಯಲ್ಲಿ ಮಲೆಯಾಳ. 1967ರ ಮಹಾಜನ ವರದಿಯಲ್ಲಿ ನಮ್ಮ ಚಂದ್ರಗಿರಿಯ ಉತ್ತರದ ಪ್ರದೇಶದ ಹೆಸರು ಬಂದಂತೆ ಜತ್ತದ ಹಳ್ಳಿಗಳ ಹೆಸರೂ ಬಂದಿದೆ. ನಮ್ಮದರ ಹಾಗೆಯೇ ಅವುಗಳ ಗತಿಯೂ ಕಡತದಲ್ಲಿ ಉಳಿಯಿತು. 2022ರ ನವೆಂಬರಿನಲ್ಲಿ ಅಂದಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ ಗ್ರಾಮಗಳ ಪ್ರಸ್ತಾಪವೆತ್ತಿದಾಗ ಎರಡೂ ರಾಜ್ಯಗಳಲ್ಲಿ ಕೆಲವು ವಾರ ಕೋಲಾಹಲವಾಯಿತು. ನೀರಿನ ಮಾತು ಬಂತು, ರಸ್ತೆಯ ಮಾತು ಬಂತು, ಶಾಲೆಯ ಮಾತೂ ಬಂತು. ಮಾತು ಬಾರದ ಮಕ್ಕಳ ಮಾತನ್ನು ಯಾರೂ ಎತ್ತಿದಂತೆ ಕಾಣಲಿಲ್ಲ.

ಉಟಗಿಯಂತಹ ಊರಿನ ಒಬ್ಬ ತಾಯಿಯನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಆರು ವರ್ಷದ ಮಗ ಕೂರಲಾರ, ಸರಿಯಾಗಿ ಮಾತಾಡಲಾರ. "ಅವ್ವಾ" ಅನ್ನುತ್ತಾನೆ, "ನೀರ" ಅನ್ನುತ್ತಾನೆ, ಅಷ್ಟೇ. ಅವಳಿಗೆ ಹತ್ತಿರದ ದೊಡ್ಡ ಊರು ವಿಜಯಪುರ; ಆದರೆ ಅದು ಬೇರೆ ರಾಜ್ಯ. ಸರಕಾರದ ಪಿಂಚಣಿ, ಸವಲತ್ತುಗಳಿಗೆ ಅವಳು ಹೋಗಬೇಕಾದುದು ಜತ್ತಕ್ಕೆ, ಅಲ್ಲಿಂದ ಸಾಂಗಲಿಗೆ. ಮಗುವನ್ನು ಸೊಂಟದ ಮೇಲೆ ಹೊತ್ತು ಎರಡು ಬಸ್ಸು ಬದಲಿಸಿ ಅಲ್ಲಿ ಮುಟ್ಟಿದರೆ ಪರೀಕ್ಷಿಸುವವರು ಮರಾಠಿಯಲ್ಲಿ ಮಗುವನ್ನು ಕೇಳುತ್ತಾರೆ: ಮೂಗು ಎಲ್ಲಿ, ನೀರು ಯಾವುದು, ಇಲ್ಲಿ ಬಾ. ಮಗು ಸುಮ್ಮನಿರುತ್ತದೆ. ಸುಮ್ಮನಿದ್ದುದು ಬುದ್ಧಿ ಕಡಿಮೆಯೆಂದೋ, ಕಿವಿ ಕೇಳಿಸದೆಂದೋ, ಅಥವಾ ಆ ಮಾತು ಅವನು ಮನೆಯಲ್ಲಿ ಎಂದೂ ಕೇಳದ ಭಾಷೆಯದೆಂದೋ? ಇದನ್ನು ಬೇರ್ಪಡಿಸಿ ತಿಳಿಯುವ ಉಪಾಯ ಅವರಲ್ಲಿಲ್ಲದಿದ್ದರೆ ಕಾಗದದಲ್ಲಿ ಮಗುವಿನ ಬುದ್ಧಿ ಇರುವುದಕ್ಕಿಂತ ಕಡಿಮೆಯಾಗಿ ದಾಖಲಾಗುತ್ತದೆ. ಆ ಕಾಗದವೇ ಮುಂದೆ ಅವನ ಜಾತಕವಾಗುತ್ತದೆ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. "ಮಗುವಿಗೆ ಮೊದಲೇ ಮಾತು ನಿಧಾನ, ಎರಡು ಭಾಷೆ ಬೇಡ, ಮನೆಯಲ್ಲಿಯೂ ಶಾಲೆಯ ಭಾಷೆಯನ್ನೇ ಆಡಿ" ಎಂದು ಬುದ್ಧಿ ಹೇಳುವವರು ಎಲ್ಲ ಗಡಿಗಳಲ್ಲೂ ಇದ್ದಾರೆ. ಹೇಳುವವರಲ್ಲಿ ಕೆಟ್ಟ ಉದ್ದೇಶವಿರಲಾರದು. ಆದರೆ ಡೌನ್ ಸಿಂಡ್ರೋಮ್ ಮತ್ತು ಆಟಿಸಂ ಇರುವ ಮಕ್ಕಳ ಬಗ್ಗೆ ಬೇರೆ ದೇಶಗಳಲ್ಲಿ ನಡೆದಿರುವ ಅಧ್ಯಯನಗಳಲ್ಲಿ, ಎರಡು ಭಾಷೆಗಳ ನಡುವೆ ಬೆಳೆದ ಮಾತ್ರಕ್ಕೆ ಇಂಥ ಮಕ್ಕಳ ಮಾತು ಇನ್ನಷ್ಟು ಹಿಂದೆ ಬಿದ್ದುದು ಕಂಡುಬಂದಿಲ್ಲ. ತಾಯಿ ತನಗೆ ಅರೆಬರೆ ಬರುವ ಭಾಷೆಯಲ್ಲಿ ಮಗುವಿನೊಡನೆ ಮಾತಾಡತೊಡಗಿದರೆ ಆಗುವುದೇನು? ಜೋಗುಳ ನಿಲ್ಲುತ್ತದೆ, ಕತೆ ನಿಲ್ಲುತ್ತದೆ, ಗದರಿಕೆಯಲ್ಲಿನ ಪ್ರೀತಿಯೂ ನಿಲ್ಲುತ್ತದೆ. ನಾಲ್ಕಾರು ಆಜ್ಞೆಗಳು ಮಾತ್ರ ಉಳಿಯುತ್ತವೆ. ಮಾತು ಕಡಿಮೆಯಿರುವ ಮಗುವಿನ ಕಿವಿಗೆ ಬೀಳುತ್ತಿದ್ದ ಮಾತನ್ನೂ ಕಡಿಮೆ ಮಾಡಿದಂತಾಯಿತು. ನಮ್ಮ ವಾಚಕರಲ್ಲಿ ಯಾರಿಗಾದರೂ ಇಂಥ ಸಲಹೆ ಸಿಕ್ಕಿದ್ದರೆ, ಅದನ್ನು ಪಾಲಿಸುವ ಮೊದಲು ಇನ್ನೊಬ್ಬ ತಜ್ಞರನ್ನು ಕೇಳಿರೆಂದು ನಾವು ಕೈಮುಗಿದು ಹೇಳುತ್ತೇವೆ.

ಕುದುರೆಯ ಪ್ರಸಂಗ ಇಲ್ಲಿ ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಸವಾರಿಯ ಚಿಕಿತ್ಸೆಯಲ್ಲಿ ಒಂದು ಕ್ರಮವಿದೆ: ಕುದುರೆಯನ್ನು ನಿಲ್ಲಿಸಿಕೊಂಡು, ಮಗು "ನಡಿ" ಎಂಬರ್ಥದ ಒಂದು ಮಾತನ್ನು ಆಡುವ ತನಕ ಕಾಯುತ್ತಾರೆ. ಮಾತು ಬಾರದಿದ್ದರೆ ಒಂದು ದನಿ, ಕುತ್ತಿಗೆಯ ಮೇಲೆ ಒಂದು ತಟ್ಟು, ಏನಾದರೂ ಸರಿ. ಆಡಿದೊಡನೆ ಅಷ್ಟು ದೊಡ್ಡ ಪ್ರಾಣಿ ಹೊರಡುತ್ತದೆ. ತಾನು ಆಡಿದ ಮಾತಿನಿಂದ ಲೋಕದಲ್ಲಿ ಏನಾದರೂ ಆಗುತ್ತದೆಂಬುದನ್ನು ಆ ಮಗು ಬಹುಶಃ ಮೊದಲ ಬಾರಿಗೆ ಅಲ್ಲಿ ಕಾಣುತ್ತದೆ. ಆ ಮಾತು ಯಾವ ಭಾಷೆಯದಾಗಿರಬೇಕು? ಕುದುರೆಗೆ ಅದರ ಹಟವಿಲ್ಲ. ಇಂಗ್ಲೆಂಡಿನಲ್ಲಿ ಅದು ಇಂಗ್ಲಿಷಿಗೆ ಹೊರಡುತ್ತದೆ. ಉಟಗಿಯ ಕುದುರೆ "ನಡಿ" ಎಂದರೆ ಹೊರಡುತ್ತದೆ. ಎಣ್ಮಕಜೆಯಲ್ಲಿ ಒಂದು ಕುದುರೆಯನ್ನು ಕಟ್ಟಿದರೆ ಅದು ತುಳುವಿನ "ನಡಪು"ವಿಗೂ ಹೊರಟೀತು. ನಾಲ್ಕು ದಿನ ಕಲಿಸಿದರಾಯಿತು. ಕುದುರೆ ಕಲಿಯುವುದನ್ನು ಒಂದು ಇಲಾಖೆ ಕಲಿಯಲಾರದೆಂದರೆ ನಂಬುವುದು ಹೇಗೆ?

ಎಣ್ಮಕಜೆಯ ಹೆಸರನ್ನು ನಾವು ಸುಮ್ಮನೆ ತೆಗೆಯಲಿಲ್ಲ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ನಮ್ಮ ಜಿಲ್ಲೆಯ ಹನ್ನೊಂದು ಪಂಚಾಯತುಗಳಲ್ಲಿ ಏನು ಮಾಡಿತೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆ ಹನ್ನೊಂದರಲ್ಲಿ ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕಗಳು ಕನ್ನಡ, ತುಳು ಮನೆಮಾತಿನವರು ಗಣನೀಯ ಸಂಖ್ಯೆಯಲ್ಲಿರುವ ಊರುಗಳು. ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ಬಳಿಗೆ ಬಂದ ರೋಗಿಗಳಲ್ಲಿ ಕಂಡುದನ್ನು, ಶ್ರೀ ಪಡ್ರೆಯವರು ಊರಲ್ಲಿ ಕಂಡುದನ್ನು ಹೊರಲೋಕಕ್ಕೆ ತಿಳಿಸದೆ ಇದ್ದಿದ್ದರೆ ಇದು ದೈವದ ಶಾಪವೆಂದೇ ಉಳಿಯುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿ ನಿಷೇಧಿಸಿತು. 2017ರ ಜನವರಿಯಲ್ಲಿ ಪ್ರತಿಯೊಬ್ಬ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞೆಯಾಯಿತು. ಕೊಡದಿದ್ದುದಕ್ಕೆ 2022ರಲ್ಲಿ ಅದೇ ಕೋರ್ಟು ರಾಜ್ಯ ಸರಕಾರವನ್ನು ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಹಣದ ಹೋರಾಟ ಬೇಕಾದ್ದೇ. ಬಡ್ಸ್ ಶಾಲೆಗಳು ಬಂದವು, ಮುಳಿಯಾರಿನಲ್ಲಿ ಪುನರ್ವಸತಿ ಗ್ರಾಮದ ಯೋಜನೆ ಬಂತು. ಅವುಗಳಲ್ಲಿ ಅಕ್ಕರೆಯಿಂದ ದುಡಿಯುವವರನ್ನು ನಾವು ಬಲ್ಲೆವು. ಆದರೆ ಕನ್ನಡ ಅಥವಾ ತುಳು ಮಾತ್ರ ಕೇಳಿ ಬೆಳೆದ ಮಗುವಿಗೆ ಮಾತಿನ ಚಿಕಿತ್ಸೆ ಯಾವ ಭಾಷೆಯಲ್ಲಿ ಸಿಗಬೇಕೆಂಬ ಪ್ರಶ್ನೆಯನ್ನು ಒಂದು ಬೇಡಿಕೆಯಾಗಿ ಬರೆದು ಕೊಟ್ಟವರು ಎಷ್ಟು ಮಂದಿ?

ಇಲ್ಲಿ ತಪ್ಪು ಆಳುವವರದು ಮಾತ್ರವೆಂದು ಹೇಳಿದರೆ ನಾವು ಪ್ರಾಮಾಣಿಕರಾಗುವುದಿಲ್ಲ. ಕನ್ನಡ ಶಾಲೆಗೆ ಮಲೆಯಾಳ ಮಾತ್ರ ಬಲ್ಲ ಅಧ್ಯಾಪಕರು ಬಂದಾಗ ನಾವು ಬೀದಿಗಿಳಿದಿದ್ದೇವೆ. ಬೋರ್ಡುಗಳಲ್ಲಿ ಕನ್ನಡವಿಲ್ಲವೆಂದು ಧರಣಿ ಕೂತಿದ್ದೇವೆ, ಅರ್ಜಿ ನಮೂನೆ ಕನ್ನಡದಲ್ಲಿ ಬೇಕೆಂದು ಕಲೆಕ್ಟರರಿಗೆ ಮನವಿ ಕೊಟ್ಟಿದ್ದೇವೆ. ಅದೆಲ್ಲ ಸರಿಯೇ. ಆದರೆ ಓದಲು ಬರೆಯಲು ಬಲ್ಲ ಮಗುವಿಗಾಗಿ ಮಾಡಿದ ಹೋರಾಟದ ಕಾಲು ಪಾಲನ್ನೂ ಮಾತೇ ಬಾರದ ಮಗುವಿಗಾಗಿ ನಾವು ಮಾಡಿಲ್ಲ. ನಮ್ಮ ಸಭೆಗಳ ನಿರ್ಣಯಗಳಲ್ಲಿ ಅಂಥ ಮಕ್ಕಳ ಸೊಲ್ಲಿಲ್ಲ. ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಶಾಲೆಯ ಮೆಟ್ಟಿಲು ಹತ್ತಲಾರದ ಮಗುವಿಗೆ ಚಿಕಿತ್ಸೆಯ ಕೋಣೆಯೇ ಶಾಲೆ. ಆ ಮಗುವಿಗೆ ಈ ವಿಧಿ ಅನ್ವಯಿಸುವುದಿಲ್ಲವೆಂದು ಯಾರಾದರೂ ಹೇಳಲು ಮುಂದೆ ಬಂದರೆ ಅವರ ವಾದವನ್ನು ಕೇಳಲು ನಾವು ಸಿದ್ಧರಿದ್ದೇವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸುವ ವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿತು. ಸಂವಹನವೆಂಬ ಪದಕ್ಕೆ ಅದು ಕೊಡುವ ಅರ್ಥದಲ್ಲಿ ಭಾಷೆಯೂ ಸೇರಿದೆ. ಹಿಡಿದುಕೊಳ್ಳಲು ಕೊಂಬೆಯಿದೆ, ಹಿಡಿಯುವವರಿಲ್ಲ.

ಇಷ್ಟಕ್ಕೂ ಕೇಳಬೇಕಾದುದು ದೊಡ್ಡದೇನಲ್ಲ. ಮಕ್ಕಳ ಬೆಳವಣಿಗೆಯ ದೋಷಗಳನ್ನು ಬೇಗನೆ ಗುರುತಿಸುವುದಕ್ಕಾಗಿ ಕೇಂದ್ರ ಸರಕಾರ 2013ರಲ್ಲಿ ಆರಂಭಿಸಿದ ಕಾರ್ಯಕ್ರಮದಂತೆ ಜಿಲ್ಲೆಗಳಲ್ಲಿ ಕೇಂದ್ರಗಳಿರಬೇಕು. ಕಾಸರಗೋಡಿನ ಕೇಂದ್ರದಲ್ಲಿ ಕನ್ನಡ, ತುಳು ಬಲ್ಲ ಒಬ್ಬ ಮಾತಿನ ಚಿಕಿತ್ಸಕರು, ಸಾಂಗಲಿಯಲ್ಲಿ ಕನ್ನಡ ಬಲ್ಲ ಒಬ್ಬರು: ಒಟ್ಟು ಎರಡು ಹುದ್ದೆ. ಆ ವಿದ್ಯೆ ಕಲಿತ ಕನ್ನಡದ ಯುವಕ ಯುವತಿಯರಿಗೆ ಮಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಕೊರತೆಯಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕೇಂದ್ರ ಸರಕಾರದ್ದು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಪರೀಕ್ಷೆ ನಡೆಸುವ ಸಾಮಗ್ರಿಯನ್ನು ಅಲ್ಲಿಯವರು ಬಹಳ ಹಿಂದೆಯೇ ಸಿದ್ಧಪಡಿಸಿದ್ದಾರೆ, ದೂರದಲ್ಲಿರುವವರಿಗೆ ಪರದೆಯ ಮೂಲಕ ಚಿಕಿತ್ಸೆ ಕೊಡುವ ಏರ್ಪಾಡೂ ಅಲ್ಲಿದೆ. ಕೇಂದ್ರದ ಸಂಸ್ಥೆಯೆಂದ ಮೇಲೆ ಗಡಿಯ ಆಚೆಯ ಕನ್ನಡದ ಮಗು ಅದಕ್ಕೆ ಹೊರಗಿನದಾಗಬಾರದು. ನ್ಯಾಶನಲ್ ಟ್ರಸ್ಟಿನ ನಿರಾಮಯ ಎಂಬ ವಿಮೆಯಿದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆ 1 ಲಕ್ಷ ರೂಪಾಯಿಯ ತನಕ ರಕ್ಷಣೆ ಕೊಡುವ ಅದರಲ್ಲಿ ನಿತ್ಯದ ಚಿಕಿತ್ಸೆಯ ವೆಚ್ಚವೂ ಒಂದು ಮಿತಿಯೊಳಗೆ ಸೇರಿದೆ. ಅದರ ಹೆಸರನ್ನೇ ಕೇಳದ ಮನೆಗಳಿವೆ. ನಮ್ಮ ಯುವಕ ಸಂಘಗಳು ಒಂದು ಭಾನುವಾರ ವಾಲಿಬಾಲ್ ಪಂದ್ಯಾಟವನ್ನು ಮುಂದೂಡಿ, ಇಂಥ ಮನೆಗಳಿಗೆ ಹೋಗಿ ಅರ್ಜಿ ತುಂಬಿಸಿ ಕೊಟ್ಟರೆ ಎಷ್ಟೋ ಉಪಕಾರವಾದೀತು.

ಹಾಗಾದರೆ ಕುದುರೆ ಬೇಡವೇ? ಬೇಡವೆಂದು ನಾವು ಹೇಳುವುದಿಲ್ಲ. ಉಟಗಿಯ ಸೀಮೆಗೆ ಕುದುರೆ ಹೊಸತಲ್ಲ. ಭೀಮಾ ನದಿಯ ದಂಡೆಯ ಭೀಮಥಡಿ ಕುದುರೆ ಒಂದು ಕಾಲಕ್ಕೆ ಮರಾಠರ ದಂಡಿನ ಬಲವಾಗಿತ್ತು. ಈಗ ಕುರಿ ಹಿಂಡಿನೊಡನೆ ವಲಸೆ ಹೋಗುವ ಧನಗರರ, ಕುರುಬರ ಸಾಮಾನು ಹೊರುತ್ತಿದೆ. ದೇಶದ ತಳಿಗಳ ಅಧಿಕೃತ ಪಟ್ಟಿಗೆ ಇದರ ಹೆಸರು ಸೇರಿದ್ದು ಇತ್ತೀಚೆಗೆ. ಗಿಡ್ಡ ಮೈಕಟ್ಟು, ಸಣ್ಣ ಮೇವು, ಸಾವಧಾನದ ಸ್ವಭಾವ. ಬಿಡಾರ ಬದಲಿಸುವಾಗ ಪಾತ್ರೆ ಪಡಗ, ಕೋಳಿ, ಎಳೆಯ ಕುರಿಮರಿಗಳ ಜೊತೆಗೆ ಮನೆಯ ಮಕ್ಕಳನ್ನೂ ಅದರ ಬೆನ್ನಿಗೇರಿಸುವುದುಂಟು. ಪಂದ್ಯಕ್ಕೆಂದೇ ಸಾಕಿ ಬೆಚ್ಚುವ ಸ್ವಭಾವ ಬೆಳೆದ ಎತ್ತರದ ಕುದುರೆಗಳಿಗಿಂತ ಇಂಥ ತಟ್ಟುಗಳು ಈ ಕೆಲಸಕ್ಕೆ ಒದಗಿಯಾವು ಎಂಬುದು ನಮ್ಮ ಅನಿಸಿಕೆ. ಒಂದು ಪಶುವೈದ್ಯ ಕಾಲೇಜು, ಒಂದು ವೈದ್ಯಕೀಯ ಕಾಲೇಜು, ಕುದುರೆಯ ಸ್ವಭಾವ ಬಲ್ಲ ನಾಲ್ಕು ಕುರುಬರು ಕೂಡಿದರೆ ಜತ್ತ ಅಥವಾ ವಿಜಯಪುರದಲ್ಲಿ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಮೈಸೂರಿನಲ್ಲಿ ಪೊಲೀಸರ ಅಶ್ವಾರೋಹಿ ದಳವಿದೆ. ದಸರೆಯ ಮೆರವಣಿಗೆಯಲ್ಲಿ ನಾವೆಲ್ಲ ನೋಡಿ ಸಂತೋಷಪಟ್ಟ ಆ ಕುದುರೆಗಳಲ್ಲಿ ಶಾಂತವಾದ ಒಂದೆರಡು, ತಜ್ಞರ ಸಮ್ಮುಖದಲ್ಲಿ, ವಾರಕ್ಕೊಂದು ದಿನ ಈ ಮಕ್ಕಳನ್ನು ಹೊತ್ತರೆ ಅವುಗಳ ಗೌರವಕ್ಕೇನೂ ಕುಂದಿಲ್ಲ.

ಆದರೆ ಇದೆಲ್ಲ ಆಗುವ ತನಕ ಮನೆಮಾರು ಮಾರಿ ಬೆಂಗಳೂರಿಗೆ ಹೋಗಿ ಬಾಡಿಗೆ ಮನೆ ಹಿಡಿಯಬೇಡಿ ಎಂದು ಮಾತ್ರ ಹೇಳಬಯಸುತ್ತೇವೆ. ಒಂದು ಮಗುವಿಗೆ ನಾಲ್ಕು ಮಂದಿ ಮತ್ತು ಒಂದು ಕುದುರೆ ಎಂಬ ಲೆಕ್ಕವನ್ನು ಮೊದಲೇ ಹೇಳಿದ್ದೇವೆ. ವಾರಕ್ಕೊಂದೆರಡು ಸಲದಂತೆ ತಿಂಗಳುಗಟ್ಟಲೆ ನಡೆಯಬೇಕಾದ ಚಿಕಿತ್ಸೆ ಇದು, ನಿಲ್ಲಿಸಿದರೆ ಗಳಿಸಿದ್ದು ಉಳಿದೀತೆಂಬ ಭರವಸೆಯೂ ಇಲ್ಲ. ಹತ್ತಿರದ ಫಿಸಿಯೋಥೆರಪಿಯವರು ಗಟ್ಟಿ ಉರುಳು ದಿಂಬಿನ ಮೇಲೆ ಮಗುವನ್ನು ಕಾಲು ಇಬ್ಬದಿಗೆ ಹಾಕಿ ಕುಳ್ಳಿರಿಸಿ, ಮೆಲ್ಲನೆ ಅಲುಗಿಸಿ ಮಾಡಿಸುವ ವ್ಯಾಯಾಮವೂ ಇದೇ ಜಾತಿಗೆ ಸೇರಿದ್ದು. ಅದನ್ನು ಅವರಿಂದ ತೋರಿಸಿಕೊಂಡು ಮನೆಯಲ್ಲಿ ಮಾಡಬಹುದು. ನಮ್ಮ ಮನೆಗಳಲ್ಲಿ ಅಜ್ಜಂದಿರು ಚಾವಡಿಯಲ್ಲಿ ಮೊಣಕಾಲೂರಿ ಮೊಮ್ಮಕ್ಕಳಿಗೆ ಕುದುರೆಯಾಗುತ್ತಿದ್ದರು. ವೈಕಲ್ಯವುಳ್ಳ ಮೊಮ್ಮಗುವಿಗೆ ಮಾತ್ರ ಆ ಆಟವನ್ನು ಯಾರೂ ಆಡಿಸುವುದಿಲ್ಲ, ಬಿದ್ದೀತೆಂಬ ಭಯ. ವೈದ್ಯರನ್ನು ಕೇಳಿ, ಎರಡು ಬದಿಗೆ ಇಬ್ಬರು ಕೈಕೊಟ್ಟು ಹಿಡಿದುಕೊಂಡರೆ ಆ ಮಗುವಿಗೂ ಅದು ದಕ್ಕಬಾರದೇಕೆ? ಅಜ್ಜ ಹೊರಡುವ ಮೊದಲು ಮಗು ಏನಾದರೊಂದು ದನಿ ಮಾಡುವ ತನಕ ಕಾಯಲಿ.

ಇಂಥ ಮಕ್ಕಳಿರುವ ಮನೆಯವರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮಗುವನ್ನು ಆಸ್ಪತ್ರೆಯಲ್ಲಿ ಅಥವಾ ಶಿಬಿರದಲ್ಲಿ ಯಾವ ಭಾಷೆಯಲ್ಲಿ ಪರೀಕ್ಷಿಸಿದರು, ಮನೆಮಾತನ್ನು ಬಿಡಲು ಯಾರಾದರೂ ಹೇಳಿದರೇ, ವಾರಕ್ಕೆ ಎಷ್ಟು ದೂರ ಹೋಗಬೇಕಾಗುತ್ತದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಕಾರ್ಯಾಲಯಕ್ಕೆ ಕಳುಹಿಸಿರಿ. ಹೆಸರು, ಊರು ಬೇಡವೆಂದರೆ ಪ್ರಕಟಿಸುವುದಿಲ್ಲ. ಬರೆಯಲು ಬಿಡುವಿಲ್ಲದ ತಾಯಂದಿರು ನೆರೆಮನೆಯ ಶಾಲಾ ಮಕ್ಕಳಿಂದ ಬರೆಯಿಸಿದರೂ ಸಾಕು. ಬಂದುದನ್ನೆಲ್ಲ ಒಟ್ಟುಗೂಡಿಸಿ, ಕನ್ನಡ ಬಲ್ಲ ಮಾತಿನ ಚಿಕಿತ್ಸಕರ ಹುದ್ದೆಗಾಗಿ ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯ ಜೊತೆಗೆ ಲಗತ್ತಿಸುತ್ತೇವೆ.